ಮುಡಿ ಹೊರಿಸಿದ ಡ್ರಿಲ್ ಮಾಸ್ಟ್ರು

ನಮ್ಮ ಡ್ರಿಲ್ ಮಾಸ್ಟ್ರಷ್ಟು ಸೋಮಾರಿಯಾದ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ. ಹೀಗೆ ಶುರು ಮಾಡಿದರೆ ಅವರ ಮನೆಯವರಿಗೆ ಬೇಸರವಾದೀತು. ಆದರೆ ಅವರೇ ಇದ್ದಿದ್ದರೆ "ಹೌದು ಮಾರಾಯ್ತಿ, ಅದನ್ನೇ ಮೊದಲು ಬರಿ" ಎನ್ನುತ್ತಿದ್ದರು. ನಾವು ಬಿಸಿಲಿನಲ್ಲಿ ಕೈ ಎತ್ತಿ ಇಳಿಸುತ್ತಿದ್ದರೆ ಅವರು ಹಲಸಿನ ಮರದ ಬುಡದಲ್ಲಿ, ಕೈ ಮುರಿದ ಕುರ್ಚಿಯಲ್ಲಿ ಕೂತು ಮಂಡಿ ತಿಕ್ಕಿಕೊಳ್ಳುತ್ತಿದ್ದರು. ಸೀಟಿ ಊದಲಿಕ್ಕೂ ಉದಾಸೀನ. ಕೆಲವು ದಿನ ಅದನ್ನು ಬಾಯಿಗಿಡದೆ ಕೈಯಲ್ಲಿ ಎತ್ತಿ ತೋರಿಸುತ್ತಿದ್ದರು. ನಾವು ಅದನ್ನೇ ಊದಿದ ಲೆಕ್ಕಕ್ಕೆ ಹಿಡಿದು ಸಾಲು ನಿಲ್ಲಬೇಕಿತ್ತು. ಉಬ್ಬಸವಿತ್ತು, ನಿಜ. ಉಬ್ಬಸವಿಲ್ಲದ ದಿನಗಳಲ್ಲೂ ಅವರು ಕುರ್ಚಿಯಿಂದ ಎದ್ದದ್ದು ಕಡಿಮೆಯೇ.

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಬಿ.ಸಿ.ರೋಡಿನಲ್ಲಿ, ಬಸ್ಸಿಗೆ ಕಾಯುವಾಗ. ಅವರ ಊರಾದ ನರಿಕೊಂಬಿನ ನೆರೆಮನೆಯಾಕೆ ಗುರುತು ಹಿಡಿದು ಮಾತಾಡಿಸಿದಳು. "ನಿಮ್ಮ ಡ್ರಿಲ್ ಮಾಸ್ಟ್ರು ಹೋದರಲ್ಲ, ಗೊತ್ತಾಗ್ಲಿಲ್ವಾ? ಬೊಜ್ಜವೂ ಕಳೀತು" ಎಂದಳು. ಬೊಜ್ಜವೆಂದರೆ ನಮ್ಮ ಕಡೆಯ ಉತ್ತರಕ್ರಿಯೆ. ಮಾಸ್ಟ್ರು ನಿವೃತ್ತರಾಗಿ ಹೆಚ್ಚು ಕಾಲವಾಗಿರಲಿಲ್ಲ. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಬಸ್ಸು ಬಂತು, ಹತ್ತಿದೆ, ಕೂತೆ. ಅಳು ಬರಲಿಲ್ಲ. ಆಗಿನ ನನ್ನ ಬದುಕಿನಲ್ಲಿ ಅಳುವುದೂ ಒಂದು ಕೆಲಸವೇ ಆಗಿತ್ತು, ಅದಕ್ಕೆ ಪುರಸೊತ್ತಿರಲಿಲ್ಲ. ಆಮೇಲೆ ಎಷ್ಟೋ ವರ್ಷ ಅವರ ಬಗ್ಗೆ ಬರೆಯಬೇಕು ಬರೆಯಬೇಕು ಎಂದುಕೊಂಡು ಸುಮ್ಮನಾಗಿದ್ದೇನೆ. ಹೆಸರು ಬೇಡ. ಊರಿನಲ್ಲಿ ಯಾರೂ ಅವರನ್ನು ಹೆಸರಿನಿಂದ ಕರೆದದ್ದಿಲ್ಲ.

ನಮ್ಮ ಮನೆ ವಾಮದಪದವಿನಿಂದ ಸ್ವಲ್ಪ ಒಳಗೆ. ನಮ್ಮಲ್ಲಿ ಮನೆತನ ನಡೆಯುವುದು ತಾಯಿಯ ಕಡೆಯಿಂದ, ಯಜಮಾನಿಕೆ ತಾಯಿಯ ಅಣ್ಣನದು. ಅಪ್ಪ ಬೆಳ್ತಂಗಡಿ ಕಡೆಯ ತಮ್ಮ ಮನೆಯಿಂದ ಬಂದು ಹೋಗುವವರು. ಹಾಗಾಗಿ ನಾನು ಬೆಳೆದದ್ದು ಸೋದರಮಾವನ ದೊಡ್ಡ ಸ್ವರದ ಕೆಳಗೆ. ಊರಿನ ಶಾಲೆಯನ್ನು ಕಟ್ಟಿಸಿದ್ದೂ ಅವರೇ, ಅದರ ಮೆನೇಜರೂ ಅವರೇ. ಮಾಸ್ಟ್ರುಗಳಿಗೆಲ್ಲ ಅವರು ಧಣಿ. ಡ್ರಿಲ್ ಮಾಸ್ಟ್ರು ಪೇಟೆಯ ಹೋಟೆಲಿನ ಮಾಳಿಗೆಯಲ್ಲಿ ಒಂದು ಕೋಣೆ ಹಿಡಿದು ಇದ್ದರು. ಶನಿವಾರ ಮಧ್ಯಾಹ್ನ ನರಿಕೊಂಬಿಗೆ ಹೋದರೆ ಬರುವುದು ಸೋಮವಾರ.

ನನ್ನ ತಮ್ಮ ಶೀನ ನನಗಿಂತ ಮೂರು ವರ್ಷಕ್ಕೆ ಸಣ್ಣವನು. ಅವನಂಥ ಮಕ್ಕಳಿಗೆ ಈಗ ಆಟಿಸಂ ಎಂದು ಹೆಸರುಂಟು, ಕಲಿಸುವವರುಂಟು, ಕೈಕಾಲು ಹಿಡಿತಕ್ಕೆ ಬರಲಿ ಎಂದು ವ್ಯಾಯಾಮ ಮಾಡಿಸುವ ಕೇಂದ್ರಗಳುಂಟು. ಆಗ ಇದ್ದದ್ದು 'ಒಂಥರಾ' ಎಂಬ ಒಂದೇ ಶಬ್ದ. ಶೀನ ಒಂಥರಾ. ತುದಿಗಾಲಲ್ಲಿ ನಡೆಯುತ್ತಿದ್ದ. ಸಂತೋಷವಾದರೂ ಹೆದರಿಕೆಯಾದರೂ ಎರಡೂ ಕೈಗಳನ್ನು ಕಿವಿಯ ಹತ್ತಿರ ಪಟಪಟ ಬಡಿಯುತ್ತಿದ್ದ. ಮುಖ ನೋಡುತ್ತಿರಲಿಲ್ಲ, ಮಾತೆಂದರೆ ನಾವು ಹೇಳಿದ್ದರ ಕೊನೆಯ ಶಬ್ದವನ್ನು ತಿರುಗಿ ಹೇಳುವುದು. ಅಂಗಿಯ ಗುಂಡಿ ಹಾಕಲು ಬಾರದು, ಲೋಟ ಹಿಡಿದರೆ ಬೀಳುವುದು, ಮೆಟ್ಟಿಲು ಇಳಿದರೆ ಅವನೇ ಬೀಳುವುದು. ಎಂಟು ವರ್ಷ ದಾಟಿದರೂ ಒಂದು ತುತ್ತನ್ನೂ ತಾನಾಗಿ ಬಾಯಿಗೆ ಇಟ್ಟವನಲ್ಲ. ಅನ್ನ ಕೈಗೆ ಅಂಟಿದರೆ ಕೆಂಡ ಮುಟ್ಟಿದವನ ಹಾಗೆ ಕಿರುಚುತ್ತಿದ್ದ.

ಅವನಿಗೆ ಉಣಿಸುವವಳು ಅಮ್ಮ. ದಿನಕ್ಕೆ ಮೂರು ಹೊತ್ತು, ಅಂಗಳದಲ್ಲಿ ಅವನ ಹಿಂದೆ ನಡೆಯುತ್ತ, ಬಟ್ಟಲು ಹಿಡಿದುಕೊಂಡು. ಅವನದು ಮುಗಿಯುವಾಗ ಉಳಿದವರದು ಮುಗಿದಿರುತ್ತಿತ್ತು. ಅಮ್ಮ ಅಡಿಗೆಮನೆಯಲ್ಲಿ ನಿಂತುಕೊಂಡೇ ಏನೋ ನಾಲ್ಕು ತುತ್ತು ನುಂಗುತ್ತಿದ್ದಳು. ರಾತ್ರಿ ಅವನು ಮಲಗುತ್ತಿರಲಿಲ್ಲ, ಹಾಗಾಗಿ ಅವಳೂ ಮಲಗುತ್ತಿರಲಿಲ್ಲ. ಮೂಡಬಿದಿರೆಯ ಡಾಕ್ಟರು "ಬೆಳೆದ ಹಾಗೆ ಸರಿಯಾಗ್ತಾನೆ" ಎಂದಿದ್ದರು. ಬೆಳ್ತಂಗಡಿಯ ಕಡೆಯಿಂದ ಅಪ್ಪ ನೂಲು ಮಂತ್ರಿಸಿ ತಂದಿದ್ದರು. ಶೀನ ಅದನ್ನು ಜಗಿದು ಹಾಕಿದ. ಅಮ್ಮ ಒಂದೇ ಮಾತು ಹೇಳುತ್ತಿದ್ದಳು: "ಓದುವುದು ಬೇಡ, ಬರೆಯುವುದು ಬೇಡ. ಅವನ ಕೈ ಅವನ ಬಾಯಿಗೆ ಹೋದರೆ ಸಾಕು. ನಾನು ಬಿದ್ದರೆ ಇವನಿಗೆ ಯಾರು ಉಣಿಸ್ತಾರೆ?" ನಾನು ಆಗ ಚಿಕ್ಕವಳು, ಆದರೂ ಆ ಪ್ರಶ್ನೆಯ ಉತ್ತರ ನಾನೇ ಎಂದು ನನಗೆ ಗೊತ್ತಿತ್ತು. ಆ ಗೊತ್ತಿರುವಿಕೆಯೇ ಒಂದು ಸುಸ್ತು.

ಧಣಿಗಳ ಸೋದರಳಿಯನೆಂದು ಅವನನ್ನು ಶಾಲೆಗೆ ಸೇರಿಸಿಕೊಂಡಿದ್ದರು. ತರಗತಿಯಲ್ಲಿ ನಿಲ್ಲುತ್ತಿರಲಿಲ್ಲ. ಹೊರಗೆ ಬಂದು ಬಾವುಟದ ಕಂಬಕ್ಕೆ ಸುತ್ತು ಬರುತ್ತಿದ್ದ, ತುದಿಗಾಲಲ್ಲಿ, ಗಂಟೆಗಟ್ಟಲೆ. ಬೇರೆ ಮಾಸ್ಟ್ರುಗಳು ಎಳೆದುಕೊಂಡು ಹೋಗಿ ಕೂರಿಸುತ್ತಿದ್ದರು, ಕಿರುಚಾಟವಾಗುತ್ತಿತ್ತು. ಡ್ರಿಲ್ ಮಾಸ್ಟ್ರು ಮಾತ್ರ ಎಳೆಯಲಿಲ್ಲ. ಏಳಬೇಕಲ್ಲ! ಕುರ್ಚಿಯಲ್ಲಿ ಕೂತು ನೋಡಿದರು. ದಿನಾಲೂ ನೋಡಿದರು. ಮಳೆಗಾಲ ಮುಗಿಯುವಷ್ಟು ಹೊತ್ತು ನೋಡಿದ ಮೇಲೆ ಒಂದು ದಿನ ನನ್ನನ್ನು ಕರೆದರು.

"ನಿನ್ನ ತಮ್ಮನ ಕಾಲಿಗೆ ನೆಲದ ಮೇಲೆ ನಂಬಿಕೆ ಇಲ್ಲ ಮಾರಾಯ್ತಿ."

"ಅಂದರೆ ಎಂತದು ಮಾಸ್ಟ್ರೇ?"

"ಗೊತ್ತಿಲ್ಲ. ಹಾಗೆ ಕಾಣ್ತದೆ" ಎಂದು ಮಂಡಿ ತಿಕ್ಕಿಕೊಂಡರು.

ನನಗೆ ಸಿಟ್ಟು ಬಂತು. ಇದನ್ನು ಹೇಳಲಿಕ್ಕೆ ಇಷ್ಟು ದಿನ ಬೇಕಿತ್ತೇ ಎನಿಸಿತು.

ಕೊಯ್ಲು ಮುಗಿದು ನಮ್ಮ ಅಂಗಳದಲ್ಲಿ ಮುಡಿ ಕಟ್ಟುವ ಕಾಲ ಬಂತು. ಈಗಿನವರಿಗಾಗಿ ಹೇಳುತ್ತೇನೆ: ಅಕ್ಕಿಯನ್ನು ಬೈಹುಲ್ಲಿನೊಳಗೆ ತುಂಬಿ, ಹುಲ್ಲಿನ ಹಗ್ಗವನ್ನು ಸುತ್ತುತ್ತ, ಮರದ ಕೊಡತಿಯಿಂದ ಬಡಿದು ಬಡಿದು ಬಿಗಿ ಮಾಡಿದರೆ ಕಲ್ಲಿನ ಹಾಗೆ ಗಟ್ಟಿಯಾದ ಗುಂಡು ಮೂಟೆಯಾಗುತ್ತದೆ. ಅದೇ ಮುಡಿ. ಆ ದಿನ ಮಾಸ್ಟ್ರು ಮಾವನ ಹತ್ತಿರ ರಜೆ ಕೇಳಲು ಬಂದಿದ್ದರು. ಶೀನ ಕಾಣೆಯಾಗಿದ್ದ. ಹುಡುಕಿದರೆ, ಕಟ್ಟಿ ಇಟ್ಟ ಎರಡು ಮುಡಿಗಳ ಸಂದಿಯಲ್ಲಿ ತನ್ನನ್ನು ತುರುಕಿಕೊಂಡು ಮಲಗಿದ್ದ. ಕೈ ಬಡಿತವಿಲ್ಲ, ಸದ್ದಿಲ್ಲ. ಕಣ್ಣು ಬಿಟ್ಟುಕೊಂಡು ಆಕಾಶ ನೋಡುತ್ತಿದ್ದ. ಅಷ್ಟು ನೆಮ್ಮದಿಯಾಗಿ ಅವನನ್ನು ನಾವು ಯಾರೂ ಕಂಡಿರಲಿಲ್ಲ. ಅಮ್ಮ ಎಬ್ಬಿಸಲು ಹೋದಳು. ಮಾಸ್ಟ್ರು ತಡೆದರು. ರಜೆಯ ಮಾತು ಮರೆತು ಅಲ್ಲೇ ಕೊಡತಿಯ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಅವರ ಮಂಡಿಗೆ ಅದು ಸುಲಭದ ಕೆಲಸವಲ್ಲ.

"ಅಕ್ಕ, ಇವನಿಗೆ ಭಾರ ಬೇಕು" ಎಂದರು ಅಮ್ಮನಿಗೆ. "ಮೈ ಎಲ್ಲಿ ಮುಗೀತದೆ ಅಂತ ಇವನಿಗೆ ಗೊತ್ತಾಗುವುದಿಲ್ಲ ಅಂತ ಕಾಣ್ತದೆ. ಒತ್ತಿದರೆ ಗೊತ್ತಾಗ್ತದೋ ಏನೋ. ನೋಡುವ."

ಹಾಗೆ ಶುರುವಾಯಿತು. ಶಾಲೆ ಬಿಟ್ಟ ಮೇಲೆ ಅವರು ನಮ್ಮಲ್ಲಿಗೆ ನಡೆದು ಬರತೊಡಗಿದರು, ಗುಡ್ಡ ಹತ್ತಿ, ಏದುಸಿರು ಬಿಡುತ್ತ. ಅಕ್ಕಿಯ ಬದಲು ತೌಡು ತುಂಬಿ ಒಂದು ಸಣ್ಣ ಮುಡಿ ಕಟ್ಟಿಸಿದರು. ಅದನ್ನು ಎದೆಗೊತ್ತಿ ಹಿಡಿದುಕೊಂಡು ಶೀನ ಅಂಗಳದ ಈ ಕೊನೆಯಿಂದ ಬೈಹುಲ್ಲು ಪೇರಿಸಿಟ್ಟ ಕುತ್ತರಿಯವರೆಗೆ ನಡೆಯಬೇಕು. ಭಾರ ಹಿಡಿದಾಗ ಹಿಮ್ಮಡಿ ತಾನಾಗಿಯೇ ನೆಲಕ್ಕೆ ಊರುತ್ತಿತ್ತು. ಆಮೇಲೆ ತಲೆಯ ಮೇಲೆ. ಆಮೇಲೆ ಗದ್ದೆಯ ಅಂಚಿನ ಕಿರಿದಾದ ಹುಣಿಯ ಮೇಲೆ, ಒಂದು ಕೈ ನನ್ನ ಹೆಗಲ ಮೇಲೆ ಇಟ್ಟು. ಕೊಡತಿಯಿಂದ ಮುಡಿ ಬಡಿಯುವುದು, ಮೊದಲು ಎರಡೂ ಕೈ ಸೇರಿಸಿ, ನಂತರ ಒಂದೊಂದೇ ಕೈಯಲ್ಲಿ. ಬಾವಿಯ ರಾಟೆಯ ಹಗ್ಗ ಎಳೆಯುವುದು, ಅಮ್ಮ ಹಿಂದೆ ನಿಂತು ಹಗ್ಗ ಹಿಡಿದಿರಬೇಕು. ಶಾಲೆಯ ಮರದ ಡಂಬೆಲ್ಸನ್ನು ತಂದು ಒಂದಕ್ಕೊಂದು ಬಡಿಯುವುದನ್ನೂ ಕಲಿಸಿದರು. ಆ ಟಕ್ ಟಕ್ ಶಬ್ದ ಶೀನನಿಗೆ ಎಷ್ಟು ಇಷ್ಟವಾಯಿತೆಂದರೆ ಮನೆಯವರಿಗೆಲ್ಲ ತಲೆನೋವು ಬಂತು.

ಇದೆಲ್ಲ ನಾನು ಬರೆದಷ್ಟು ಬೇಗ ಆಗಲಿಲ್ಲ. ಇಂದು ಬಂದದ್ದು ನಾಳೆ ಇರುತ್ತಿರಲಿಲ್ಲ. ಮಳೆ ಸುರಿಯುವ ಆಟಿ ತಿಂಗಳಿನಲ್ಲಿ ಜ್ವರ ಬಂದು ಮಲಗಿ ಎದ್ದರೆ ಎಲ್ಲವೂ ಅಳಿಸಿ ಹೋಗಿ ಮತ್ತೆ ತುದಿಗಾಲು. ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಬಾವಿಕಟ್ಟೆಯ ಮೇಲೆ ಕೂತಳು. ಮಾಸ್ಟ್ರು ಪಕ್ಕದಲ್ಲಿ ನಿಂತು ಸ್ವಲ್ಪ ಹೊತ್ತು ಕೆಮ್ಮಿದರು. ಸಮಾಧಾನದ ಮಾತು ಅವರಿಗೆ ಬರುತ್ತಿರಲಿಲ್ಲ.

"ಮೊದಲಿಂದ ಮಾಡುವ ಅಕ್ಕ" ಎಂದರು. "ನನಗೂ ಬೇರೆಂತ ಕೆಲಸ ಉಂಟು?"

ಒಮ್ಮೆ ನಾನು ಕೇಳಿದ್ದೆ, ಶಾಲೆಯಲ್ಲಿ ಅಷ್ಟು ಚೆನ್ನಾಗಿ ಓಡುವ ಮಕ್ಕಳಿದ್ದಾರೆ, ಅವರನ್ನು ಬಿಟ್ಟು ಇವನ ಹಿಂದೆ ಯಾಕೆ ಎಂದು. "ಓಡುವವರು ಓಡ್ತಾರೆ, ನಾನು ಇದ್ದರೂ ಇಲ್ಲದಿದ್ದರೂ. ಬೀಳುವವನನ್ನು ಕಂಡರೆ ನನಗೂ ಸಂಬಳ ಯಾಕೆ ಕೊಡ್ತಾರೆ ಅಂತ ನೆನಪಾಗ್ತದೆ" ಎಂದು ನಕ್ಕರು. ನಕ್ಕದ್ದು ಕೆಮ್ಮಾಯಿತು.

ಆಮೇಲೆ ಎಲ್ಲ ಕೆಟ್ಟಿತು, ಕೆಟ್ಟದ್ದು ಭಕ್ತಿಯಿಂದ. ಆ ವರ್ಷ ನಮ್ಮ ಮನೆಯ ದೈವದ ನೇಮದಲ್ಲಿ, ಅಂದರೆ ಭೂತಕೋಲದಲ್ಲಿ, ಡೋಲು, ನಾಗಸ್ವರ ಏರಿದಾಗ ಶೀನ ಚಪ್ಪರದ ನಡುವೆ ನಿಂತು ಕೈ ಬಡಿಯಲು ಶುರು ಮಾಡಿದ. ಮೈಯೆಲ್ಲ ನಡುಗುತ್ತಿತ್ತು, ಕಣ್ಣು ಮೇಲಾಗಿತ್ತು. ನಮಗೆ ಮನೆಯವರಿಗೆ ಅದು ದಿನದ ಸಂಗತಿ: ಸದ್ದು ಜಾಸ್ತಿಯಾಯಿತು, ಮಗುವಿಗೆ ತಡೆಯುವುದಿಲ್ಲ. ಆದರೆ ದೈವ ಮೈಮೇಲೆ ಬಂದವನು ನಡುಗುವುದನ್ನು ನೋಡಿ ಬೆಳೆದ ಊರು ನಮ್ಮದು. ಯಾರೋ ಮುದುಕಿ "ದರ್ಶನ ಬಂತು, ಮಗುವಿಗೆ ದರ್ಶನ ಬಂತು" ಎಂದು ಕೈಮುಗಿದಳು. ಅವಳ ಹಿಂದೆ ಚಪ್ಪರವಿಡೀ ಕೈಮುಗಿಯಿತು. ಕೊನೆಗೆ ಮಾವನೂ. ಅವರ ಕಣ್ಣಲ್ಲಿ ನೀರಿತ್ತು. ಇಷ್ಟು ವರ್ಷ ಊರಿನ ಎದುರು ತಲೆ ತಗ್ಗಿಸುವಂತೆ ಮಾಡಿದ ಅಳಿಯ ದೈವ ಆರಿಸಿಕೊಂಡವನು ಎಂದಾದರೆ ಯಾವ ಯಜಮಾನನಿಗೆ ಬೇಡ? ನಾನು ಅವರನ್ನು ದೂರುವುದಿಲ್ಲ.

ಮರುದಿನದಿಂದ ಮುಡಿ ಬಂದ್. ದೈವ ಬರುವ ಮೈಗೆ ಭಾರ ಹೊರಿಸಬಾರದು, ತಾಲೀಮು ಮಾಡಿಸಬಾರದು ಎಂದು ಅಪ್ಪಣೆಯಾಯಿತು. ಸಂಕ್ರಮಣಕ್ಕೆ ಶೀನನನ್ನು ಮೀಯಿಸಿ, ಮಡಿಯುಡಿಸಿ ಚಾವಡಿಯಲ್ಲಿ ನಿಲ್ಲಿಸಿ ಡೋಲು ಬಡಿಸಿದರು. ಜನ ಬಂದರು. ಕಳೆದುಹೋದ ದನ ಎಲ್ಲುಂಟು, ಮಗಳ ಮದುವೆ ಯಾವಾಗ ಎಂದು ಕೇಳಿದರು. ಶೀನ ಅವರ ಪ್ರಶ್ನೆಯ ಕೊನೆಯ ಶಬ್ದವನ್ನೇ ತಿರುಗಿ ಹೇಳಿದ. ಅವರು ಅದನ್ನು ದೈವದ ನುಡಿಯೆಂದು ಕಣ್ಣಿಗೊತ್ತಿಕೊಂಡರು. ಡೋಲು ನಿಂತ ಮೇಲೂ ಅವನ ನಡುಕ ನಿಲ್ಲುತ್ತಿರಲಿಲ್ಲ. ತನ್ನ ಮುಂಗೈ ತಾನೇ ಕಚ್ಚಿಕೊಂಡು ರಕ್ತ ಬರಿಸಿಕೊಳ್ಳುತ್ತಿದ್ದ. ಬಾಯಿ ತೆರೆಯುವುದನ್ನೇ ಬಿಟ್ಟ. ಅಮ್ಮ ಬಟ್ಟಲು ಹಿಡಿದುಕೊಂಡು ಮೊದಲಿಗಿಂತ ಹೆಚ್ಚು ಹೊತ್ತು ಅಂಗಳ ಸುತ್ತಿದಳು.

ಮಾಸ್ಟ್ರು ಚಾವಡಿಯ ಮೆಟ್ಟಿಲ ಹತ್ತಿರ ಬಂದು ನಿಂತದ್ದು ನನಗೆ ಈಗಲೂ ಕಾಣುತ್ತದೆ. ಹೆಗಲ ಮೇಲಿನ ಬೈರಾಸು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

"ಧಣಿ, ದೈವದ ಮೇಲೆ ನನಗೂ ಹೆದರಿಕೆ ಉಂಟು. ಅದಕ್ಕೇ ಕೇಳ್ತೇನೆ. ದರ್ಶನ ಬಂದವರಿಗೆ ಇಳೀತದೆ. ಇಳಿದ ಮೇಲೆ ಸೀಯಾಳ ಕುಡಿದು ಸುಧಾರಿಸ್ತಾರೆ. ಈ ಮಗುವಿಗೆ ಇಳಿಯುವುದೇ ಇಲ್ಲವಲ್ಲ. ಇಳಿಯದ ದರ್ಶನ ನೀವು ಎಲ್ಲಿಯಾದರೂ ನೋಡಿದ್ದುಂಟಾ?"

ಮಾವ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. "ಡ್ರಿಲ್ ಕಲಿಸುವವರು ಡ್ರಿಲ್ ಕಲಿಸಿ ಮಾಸ್ಟ್ರೇ. ನಾಳೆಯಿಂದ ಈ ಕಡೆ ಬರುವುದು ಬೇಡ. ಶಾಲೆಯಲ್ಲಿ ಇರ್ಬೇಕು ಅಂತ ಉಂಟಲ್ಲ?"

ಮಾಸ್ಟ್ರು ತಲೆಯಾಡಿಸಿ ಹೊರಟುಹೋದರು. ಅವರೇನೂ ಸಿಡಿಯಲಿಲ್ಲ. ಹೆಂಡತಿ ಮಕ್ಕಳಿರುವ ಮನುಷ್ಯ ಸಿಡಿಯುವುದು ಹೇಗೆ?

ಸಿಡಿದವಳು ಅಮ್ಮ. ಸಿಡಿದದ್ದೂ ಅಲ್ಲ, ಮುಗಿದುಹೋದದ್ದು. ಮರುದಿನ ಬೆಳಿಗ್ಗೆ ಶೀನನ ಗಂಜಿಯ ಬಟ್ಟಲನ್ನು ತಂದು ಮಾವನ ಎದುರಿಗೆ, ಚಾವಡಿಯ ನಡುವೆ ಇಟ್ಟಳು. ಅಣ್ಣನ ಎದುರು ಅವಳು ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಆವತ್ತು ಕೂತಳು.

"ಅಣ್ಣಾ, ದೈವ ಬಂದಿದೆ ಅಂತ ನೀವು ಹೇಳ್ತೀರಿ. ನಾನು ಇಲ್ಲ ಅಂತ ಹೇಳುವುದಿಲ್ಲ. ದೈವಕ್ಕೆ ನೀವೇ ಉಣಿಸಿ. ನನ್ನ ಕೈಯಲ್ಲಿ ಇನ್ನು ಆಗುವುದಿಲ್ಲ."

ಮಾವ ನಗಲು ಹೋದರು. ಅಮ್ಮನ ಮುಖ ನೋಡಿ ನಿಲ್ಲಿಸಿದರು. ಬಟ್ಟಲು ತೆಗೆದುಕೊಂಡರು. ಅಷ್ಟು ದೊಡ್ಡ ಆಳು, ಊರಿನ ಪಂಚಾತಿಕೆ ಮಾಡುವವರು, ಕಚ್ಚೆ ಎತ್ತಿಕಟ್ಟಿ ಶೀನನ ಹಿಂದೆ ಅಂಗಳ, ಕೊಟ್ಟಿಗೆ, ಬಾವಿಕಟ್ಟೆ ಎಲ್ಲ ಸುತ್ತಿದರು. ಮೊದಲ ತುತ್ತು ಅವರ ಅಂಗಿಯ ಮೇಲೆ ಬಿತ್ತು, ಎರಡನೆಯದು ಮೀಸೆಯ ಮೇಲೆ. ಒಮ್ಮೆ ಗದರಿಸಿದರು, ಶೀನ ಮುಂಗೈ ಕಚ್ಚಿಕೊಂಡ, ಹಳೆಯ ಗಾಯ ಒಡೆಯಿತು. ಆಮೇಲೆ ಅವರು ಗದರಿಸಲಿಲ್ಲ. ಆಳುಗಳು ಬೇರೆ ಕಡೆ ನೋಡಿದರು. ಮಧ್ಯಾಹ್ನ ಮತ್ತೆ ಬಟ್ಟಲು ಬಂತು. ಸಂಜೆ ಇನ್ನೊಮ್ಮೆ. ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ಗೋಡೆಗೊರಗಿ ನಿಂತಿದ್ದಳು. ಸಹಾಯಕ್ಕೆ ಕೈ ಚಾಚಲಿಲ್ಲ. ಕತ್ತಲಾಗುವ ಮೊದಲು ಮಾವ ಜಗಲಿಯಲ್ಲಿ ಬಟ್ಟಲು ಕೆಳಗಿಟ್ಟು ಕೂತರು. ಬೆವರಿನಿಂದ ಒದ್ದೆಯಾಗಿದ್ದರು. ತುಂಬ ಹೊತ್ತು ತಂಗಿಯನ್ನು ನೋಡಿದರು, ಈಗ ತಾನೇ ಗುರುತು ಸಿಕ್ಕಿದವಳ ಹಾಗೆ.

"ದಿನಾಲೂ ಹೀಗೆಯಾ?" ಎಂದರು.

"ದಿನಾಲೂ" ಎಂದಳು ಅಮ್ಮ.

ಮಾವ ನನ್ನ ಕಡೆ ತಿರುಗಿ, "ನಾಳೆ ಶಾಲೆಯಲ್ಲಿ ಆ ಡ್ರಿಲ್ ಮಾಸ್ಟ್ರಿಗೆ ಬರ್ಲಿಕ್ಕೆ ಹೇಳು" ಎಂದರು. ಅಷ್ಟೇ. ದರ್ಶನದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಮುಂದಿನ ನೇಮಕ್ಕೆ ಶೀನನನ್ನು ಅಪ್ಪನ ಮನೆಗೆ ಕಳಿಸಿದರು.

ಮಾಸ್ಟ್ರು ಗೆದ್ದವರ ಹಾಗೆ ಬರಲಿಲ್ಲ. ಗುಡ್ಡ ಹತ್ತಿ ಬಂದು ನೀರು ಕೇಳಿ ಕುಡಿದು, ತೌಡಿನ ಮುಡಿ ಎಲ್ಲುಂಟು ಎಂದು ಕೇಳಿದರು. ಅದನ್ನು ಇಲಿ ಕಡಿದು ಹಾಕಿತ್ತು. ಬೇರೆ ಕಟ್ಟಿಸಿದರು. ಮೊದಲಿಂದ ಶುರುವಾಯಿತು.

ಶೀನನ ಭುಜ, ಮುಂಗೈ ಗಟ್ಟಿಯಾಗುತ್ತ ಬಂದ ಮೇಲೆ ಅವರು ಬೆರಳಿಗೆ ಬಂದರು. ಹುಲ್ಲು ಹೊಸೆದು ಹಗ್ಗ ಮಾಡುವುದು, ಹಲಸಿನ ಬೀಜದ ಸಿಪ್ಪೆ ಸುಲಿಯುವುದು. ಅನ್ನ ಅಂಟುವುದು ಅವನಿಗೆ ಆಗುವುದಿಲ್ಲವಲ್ಲ, ಅದಕ್ಕೆ ಹಲಸಿನ ಎಲೆ ಮಡಚಿ ಕಡ್ಡಿ ಚುಚ್ಚಿ ಚಮಚ ಮಾಡಿಕೊಟ್ಟರು. ನಾವೆಲ್ಲ ಗಂಜಿ ಉಣ್ಣುವುದೇ ಹಾಗೆ. ಅವನಿಗೂ ಕೊಡಬಹುದೆಂದು ನಮಗೆ ಹೊಳೆದಿರಲಿಲ್ಲ, ಕೊಟ್ಟಿದ್ದರೂ ಮೊದಲು ಹಿಡಿಯುತ್ತಿರಲಿಲ್ಲ. ಬಟ್ಟಲಿನಿಂದ ಬಾಯಿಗೆ ಇರುವ ಆ ಒಂದು ಮೊಳದ ದಾರಿಯಲ್ಲಿ ಎಷ್ಟು ಗಂಜಿ ಚೆಲ್ಲಿಹೋಯಿತೋ. ನಾಯಿ ದಪ್ಪಗಾಯಿತು.

ಅವನು ಪೂರ್ತಿ ಸರಿಹೋದ ಎಂದು ಯಾರಾದರೂ ಓದಿಕೊಂಡರೆ ಅದು ಸುಳ್ಳು. ಶೀನ ಮಾತು ಕಲಿಯಲಿಲ್ಲ, ಶಾಲೆ ಕಲಿಯಲಿಲ್ಲ. ಡೋಲಿನ ಸದ್ದಿಗೆ ಇಂದಿಗೂ ಕಿವಿ ಮುಚ್ಚುತ್ತಾನೆ. ಮಾಸ್ಟ್ರು ಯಾವತ್ತೂ ಹಾಗೆ ಆಸೆ ಹುಟ್ಟಿಸಿದವರೂ ಅಲ್ಲ. "ನಾನು ಕೈಕಾಲಿನವನು, ಅದಕ್ಕಿಂತ ಆಚೆಗೆ ನನಗೆ ಗೊತ್ತಿಲ್ಲ" ಎನ್ನುತ್ತಿದ್ದರು. ಅವರ ಮೇಲೆ ನನಗಿರುವ ಪ್ರೀತಿಗೆ ಅದೂ ಒಂದು ಕಾರಣ. ಆಸೆ ಹುಟ್ಟಿಸಿದವರನ್ನು ನಾವು ಸಾಕಷ್ಟು ನೋಡಿದ್ದೆವು.

ಕೊನೆಗೆ ಆ ಒಂದು ಮಧ್ಯಾಹ್ನ. ಶಾಲೆಗೆ ರಜೆ ಇತ್ತು. ಮಾಸ್ಟ್ರು ಹಿಂಬದಿಯ ಜಗಲಿಯಲ್ಲಿ ಕಾಲು ಚಾಚಿ ಕೂತು, "ಅಕ್ಕ, ಇವತ್ತು ಅವನ ಹತ್ತಿರ ಕೂರಬೇಡಿ. ನಿಮ್ಮದೂ ಬಡಿಸಿಕೊಂಡು ಬನ್ನಿ, ಎದುರು ಕೂತು ಉಣ್ಣಿ" ಎಂದರು. ಅಮ್ಮ ಅನುಮಾನಿಸುತ್ತಲೇ ತನ್ನ ಬಟ್ಟಲು ತಂದು ಕಂಬಕ್ಕೊರಗಿ ಕೂತಳು. ಶೀನನ ಚಮಚ ಓರೆಯಾದಾಗಲೆಲ್ಲ ಅವಳ ಕೈ ತಾನಾಗಿ ಮುಂದೆ ಹೋಗುತ್ತಿತ್ತು. "ಕೈ ನಿಮ್ಮ ಬಟ್ಟಲಲ್ಲೇ ಇರ್ಲಿ" ಎಂದು ಮಾಸ್ಟ್ರು ಮೆಲ್ಲಗೆ ಹೇಳುತ್ತಿದ್ದರು.

ಶೀನ ಒಂದು ಬಾಯಿ ಉಂಡ. ಒಂದು ಚೆಲ್ಲಿದ. ಮತ್ತೆರಡು ಉಂಡ. ಯಾರೂ ಮುಟ್ಟದೆ, ಯಾರೂ ಹೇಳದೆ, ಬಟ್ಟಲಿನ ತಳ ಕಾಣುವವರೆಗೆ ಉಂಡ. ಎಲೆಯನ್ನು ನೆಕ್ಕಿ ಕೆಳಗಿಟ್ಟ. ನಾನು ಅಮ್ಮನ ಕಡೆ ತಿರುಗಿದೆ, ಅವಳ ಮುಖದ ಸಂತೋಷ ನೋಡಬೇಕೆಂದು.

ಅಮ್ಮ ನಿದ್ದೆ ಹೋಗಿದ್ದಳು. ತಲೆ ಕಂಬಕ್ಕೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು, ಬಲಗೈ ಬಟ್ಟಲಿನೊಳಗೆ ಹಾಗೇ ಇತ್ತು. ಅವನ ಊಟದ ಅರ್ಧವನ್ನೂ ಅವಳು ನೋಡಿರಲಿಕ್ಕಿಲ್ಲ.

ಒಳಗಿನಿಂದ ಅಜ್ಜಿ ಇಣುಕಿ, "ಎಂಜಲು ಕೈಯಲ್ಲಿ ನಿದ್ದೆಯಾ? ಒಳ್ಳೆಯದಲ್ಲ, ಎಬ್ಬಿಸೇ ಅವಳನ್ನು" ಎಂದರು. ನಾನು ಎದ್ದೆ.

"ಬೇಡ ಮಗಾ" ಎಂದರು ಮಾಸ್ಟ್ರು. "ಕೈ ಆಮೇಲೆ ತೊಳೆದರಾಯ್ತು."

ಅಷ್ಟರಲ್ಲಿ ಮಾವ ಯಾರನ್ನೋ ಗದರಿಸುತ್ತ ಅಂಗಳದಿಂದ ಬಂದರು. ಜಗಲಿ ನೋಡಿ ಸ್ವರ ಅರ್ಧಕ್ಕೆ ನಿಂತಿತು. ಶೀನನ ಖಾಲಿ ಬಟ್ಟಲನ್ನು ನೋಡಿದರು, ತಂಗಿಯನ್ನು ನೋಡಿದರು. ಮೆಟ್ಟು ಕಳಚಿ ಕೈಯಲ್ಲಿ ಹಿಡಿದುಕೊಂಡು, ಬಂದ ದಾರಿಯಲ್ಲೇ ಬರಿಗಾಲಲ್ಲಿ ಹಿಂದೆ ಹೋದರು. ಅಮ್ಮ ದನಗಳು ಗುಡ್ಡೆಯಿಂದ ಇಳಿದು ಬರುವವರೆಗೂ ಮಲಗಿದ್ದಳು. ಅವಳ ಬೆರಳುಗಳ ಮೇಲೆ ಗಂಜಿ ಒಣಗಿ ಬೆಳ್ಳಗಾಗಿತ್ತು.